ಹೊಡೆಯುವ ಗೂಟ, ತಿರುಪುವ ಗೂಟ

ಬ್ರಿಟನ್ನಿನ ಕ್ಯಾರವಾನ್ ಪ್ರಿಯರು ಗಾಡಿಯ ಪಕ್ಕಕ್ಕೆ ಬಟ್ಟೆಯ ಚಪ್ಪರ ಕಟ್ಟುತ್ತಾರೆ. ಅದರ ಗೂಟಗಳನ್ನು ಈಗ ಹಲವರು ಸುತ್ತಿಗೆಯಿಂದ ಹೊಡೆಯುವುದಿಲ್ಲ, ಡ್ರಿಲ್‌ನಿಂದ ತಿರುಗಿಸಿ ನೆಲಕ್ಕಿಳಿಸುತ್ತಾರೆ. ಅಂಥದ್ದೊಂದು ಕೈಪಿಡಿಯ ಅನುವಾದದಲ್ಲಿ ನಾನು ‘ತಿರುಪು ಗೂಟ’ ಎಂದು ಬರೆದೆ. ಓಲೆಗೆ ತಿರುಪು ಇರುವಾಗ ಗೂಟಕ್ಕೇಕೆ ಬೇಡ?

ಇದೆಲ್ಲ ಶೋಕಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ಗೂಟ ಹೊಡೆದುಕೊಂಡು ಕೂತ’ ಎನ್ನುತ್ತೇವಲ್ಲ, ಹೊಡೆದ ಗೂಟ ಅಷ್ಟೇನೂ ಕೂರುವುದಿಲ್ಲ. ನುಣುಪಾದ ಕಬ್ಬಿಣವನ್ನು ಮಣ್ಣು ಹಿಡಿದಿರುವುದು ಬರೀ ಘರ್ಷಣೆಯಿಂದ. ಮಳೆಗೆ ನೆಲ ಮೆತ್ತಗಾಗಿ ಗಾಳಿ ಜಗ್ಗತೊಡಗಿದರೆ ಇಷ್ಟಿಷ್ಟೇ ಮೇಲೆದ್ದು ಬರುತ್ತದೆ. ತಿರುಪಿನ ಸುರುಳಿ ಕೀಳಬೇಕಾದರೆ ಅದರ ಮೇಲಿನ ಮಣ್ಣೂ ಏಳಬೇಕು. ಈ ಉಪಾಯ ಹೊಸದೂ ಅಲ್ಲ. ದೃಷ್ಟಿ ಕಳೆದುಕೊಂಡಿದ್ದ ಐರಿಷ್ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲೇ ತಿರುಪು ಕಂಬಕ್ಕೆ ಪೇಟೆಂಟ್ ಪಡೆದ. ಥೇಮ್ಸ್ ನದೀಮುಖದ ಮರಳಿನಲ್ಲಿ ಲೈಟ್‌ಹೌಸೇ ಅಂಥ ಕಂಬಗಳ ಮೇಲೆ ನಿಂತಿತು.

ಎಲ್ಲ ನೆಲಕ್ಕೂ ಇದು ಹೊಂದದು. ಬಂಡೆ ಸಿಕ್ಕರೆ ಡ್ರಿಲ್ ಗೂಟದ ಬದಲು ನಿಮ್ಮ ಮಣಿಕಟ್ಟನ್ನೇ ತಿರುಪುತ್ತದೆ. ಸಡಿಲ ಮರಳಿಗೆ ಅಗಲ ಸುರುಳಿಯ, ಉದ್ದನೆಯ ಗೂಟವೇ ಬೇಕು. ಬೆಲೆಯೂ ಹೆಚ್ಚು. ಹಾಗಾಗಿ ಡೇರೆಯಿರಲಿ, ಚಪ್ಪರವಿರಲಿ, ಮೂಲೆಗಳಿಗೆ ಮತ್ತು ಗಾಳಿ ಬೀಸುವ ಬದಿಯ ಹಗ್ಗಗಳಿಗೆ ತಿರುಪಿನದು ಹಾಕಿ, ಉಳಿದೆಡೆ ಹಳೆಯದೇ ಸಾಕು. ಆ ಜಾಗಗಳಲ್ಲಿ ಮಾತ್ರ ಕಂಜೂಸಿ ಬೇಡ. ಬಿಗಿದ ಹಗ್ಗದ ತುದಿಯಲ್ಲಿ ಕಿತ್ತು ಹಾರಿದ ಕಬ್ಬಿಣ ಪಕ್ಕದ ಡೇರೆಯ ಮಗುವಿಗೆ ಬಡಿಯಬಹುದು.

ಕೊರೆಯುವ ಮುನ್ನ, ನೆಲದಡಿ ಕರೆಂಟಿನ ವೈರು, ನೀರಿನ ಪೈಪು ಎಲ್ಲಿ ಹಾದಿವೆ ಎಂದು ಜಾಗದವರನ್ನು ಕೇಳಿಕೊಳ್ಳಿ.