ಕಲ್ಲು ಕೊರೆದವರು ಯಾರು?

ಈಜಿಪ್ಟಿನ ಸಕ್ಕಾರಾದಲ್ಲಿ ದೊರೆ ಜೋಸರ್ ಕಟ್ಟಿಸಿದ ಮೆಟ್ಟಿಲು ಪಿರಮಿಡ್ಡಿನ ಅಡಿಯ ಸುರಂಗಗಳಲ್ಲಿ 1930ರ ದಶಕದಲ್ಲಿ ಕಲ್ಲಿನ ಪಾತ್ರೆಗಳ ರಾಶಿಯೇ ಸಿಕ್ಕಿತು. ಚೂರಾದವನ್ನೂ ಸೇರಿಸಿದರೆ ಸುಮಾರು 40,000. ಜೋಸರ್‌ನ ಕಾಲವೇ 4,600 ವರ್ಷಗಳಿಗೂ ಹಿಂದಿನದು. ಇವುಗಳಲ್ಲಿ ಹಲವುಗಳ ಮೇಲೆ ಅವನಿಗೂ ಮುಂಚಿನ ಅರಸರ ಹೆಸರುಗಳಿವೆ. ಕಬ್ಬಿಣದ ಉಳಿಯಿಲ್ಲದ ಕಾಲದಲ್ಲಿ ಡಯೊರೈಟ್‌ನಂಥ ಗಡಸು ಕಲ್ಲಿನ ಹೊಟ್ಟೆಯನ್ನು ಇಷ್ಟು ನಯವಾಗಿ ಟೊಳ್ಳು ಮಾಡಿದ್ದು ಹೇಗೆ?

ಇಂಥ ಪಾತ್ರೆಗಳನ್ನು ಸ್ಕ್ಯಾನ್ ಮಾಡಿ, ಅವುಗಳ ದುಂಡು ಕೂದಲೆಳೆಯಷ್ಟೂ ತಪ್ಪಿಲ್ಲ, ಇದು ಯಂತ್ರದ್ದೇ ಕೆಲಸ, ಅಳಿದುಹೋದ ಯಾವುದೋ ನಾಗರಿಕತೆಯದು ಎಂದು ಈಚೆಗೆ ವಾದಿಸುವವರಿದ್ದಾರೆ. ಅಳೆಯುವುದು ಒಳ್ಳೆಯದೇ. ಆದರೆ ಈ ವಾದಕ್ಕೆ ಹೆಚ್ಚಾಗಿ ಆಧಾರವಾಗಿರುವುದು ಖಾಸಗಿ ಸಂಗ್ರಹಗಳ ಪಾತ್ರೆಗಳು. ಯಾವ ಗೋರಿಯಲ್ಲಿ, ಯಾವ ಪದರದಲ್ಲಿ, ಯಾರ ಕಣ್ಣೆದುರು ಸಿಕ್ಕಿತು ಎಂಬ ದಾಖಲೆಯಿಲ್ಲದ ಪಾತ್ರೆ ನಿನ್ನೆ ಮೊನ್ನೆ ಲೇತ್‌ನಿಂದ ಇಳಿದದ್ದೂ ಆಗಿರಬಹುದು. ಅದರ ಸಾಕ್ಷ್ಯದ ಮೇಲೆ ಇತಿಹಾಸವನ್ನು ತಿದ್ದಲು ನಾನು ಒಪ್ಪುವುದಿಲ್ಲ.

ಇದೇ ಸಕ್ಕಾರಾದಲ್ಲಿ ಮೆರೆರುಕ ಎಂಬ ಅಧಿಕಾರಿಯ ಗೋರಿಯ ಗೋಡೆಯಲ್ಲಿ ಪಾತ್ರೆ ಕೊರೆಯುವ ಕುಶಲಕರ್ಮಿಗಳ ಚಿತ್ರವಿದೆ. ಅವರ ಕೈಯಲ್ಲಿರುವುದು ಮೇಲ್ತುದಿಗೆ ಭಾರದ ಕಲ್ಲುಗಳನ್ನು ಕಟ್ಟಿದ ಬೈರಿಗೆ. ಬ್ರಿಟನ್ನಿನ ಪ್ರಾಯೋಗಿಕ ಪುರಾತತ್ತ್ವಜ್ಞ ಡೆನಿಸ್ ಸ್ಟಾಕ್ಸ್ ಅಂಥ ಉಪಕರಣಗಳನ್ನೇ ಮಾಡಿಕೊಂಡು ಕೊರೆದು ನೋಡಿದರು. ತಾಮ್ರದ ಕೊಳವೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಬುಡಕ್ಕೆ ಮರಳು ಹಾಕಿ ತಿರುಗಿಸುತ್ತಾರೆ. ಕಲ್ಲನ್ನು ತಿನ್ನುವುದು ತಾಮ್ರವಲ್ಲ, ಮರಳಿನಲ್ಲಿರುವ ಬೆಣಚು. ನಡುವೆ ಉಳಿದ ಕಂಬವನ್ನು ಮುರಿದು ತೆಗೆದ ಮೇಲೆ, ನಡು ಸಣ್ಣಗಾದ ಕಲ್ಲಿನ ತುಂಡುಗಳನ್ನು ಕವಲುಕೋಲಿಗೆ ಸಿಕ್ಕಿಸಿ, ಒಂದಕ್ಕಿಂತ ಒಂದು ಅಗಲದ್ದನ್ನು ಬಳಸುತ್ತ, ಕಿರಿದಾದ ಬಾಯಿಯ ಕೆಳಗೆ ಹೊಟ್ಟೆಯನ್ನು ಹಿಗ್ಗಿಸುತ್ತಾರೆ. ತಾಮ್ರ ಬೇಗ ಸವೆಯುತ್ತದೆ, ಕೆಲಸ ವಿಪರೀತ ನಿಧಾನ. ಆದರೂ ಕಲ್ಲು ಸೋಲುತ್ತದೆ. ಹೊರಮೈ ಕನ್ನಡಿಯಂತಿದ್ದರೂ ಎಷ್ಟೋ ಪಾತ್ರೆಗಳ ಒಳಗೆ ಬೈರಿಗೆ ಸುತ್ತಿದ ಗೆರೆಗಳು ಉಳಿದಿವೆ. ಅರ್ಧಕ್ಕೇ ಬಿಟ್ಟ ಪಾತ್ರೆಗಳೂ ಸಿಕ್ಕಿವೆ. ಇವನ್ನು ಲೆಕ್ಕಕ್ಕೇ ಹಿಡಿಯದ ಸಿದ್ಧಾಂತ, ಬದುಕಿಡೀ ಕಲ್ಲಿನ ಧೂಳು ಕುಡಿದವರ ಕೌಶಲವನ್ನು ಅವರಿಂದ ಕಿತ್ತುಕೊಳ್ಳುತ್ತದೆ. ಅದೇ ನನ್ನ ಸಿಟ್ಟು.

ಹಾಗೆಂದು ಎಲ್ಲವೂ ಇತ್ಯರ್ಥವಾಗಿದೆ ಎನ್ನಲಾರೆ. ಹೊರಮೈಗೆ ಆ ದುಂಡು ಹೇಗೆ ಬಂತು? ಡಯೊರೈಟ್ ಬಟ್ಟಲುಗಳನ್ನು ಲೇತ್‌ನಂಥ ಸಾಧನದಲ್ಲಿ ತಿರುಗಿಸಿರಬೇಕೆಂದು ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1883ರಲ್ಲೇ ಬರೆದಿದ್ದರು. ಆದರೆ ಒಂದೇ ಕಲ್ಲಿನಲ್ಲಿ ಕಿವಿಗಳನ್ನೂ ಬಿಡಿಸಿದ ಹೂಜಿಗಳಿವೆಯಲ್ಲ, ಆ ಎರಡು ಕಿವಿಗಳ ನಡುವಿನ ಭಾಗವನ್ನು ಹಾಗೆ ತಿರುಗಿಸಿ ಕಡೆಯಲಾಗದು, ಕೈಯಲ್ಲೇ ಉಜ್ಜಬೇಕು. ಅಳೆಯುವವರು ಸಕ್ಕಾರಾದ ಸುರಂಗದಿಂದ ಬಂದ, ಉತ್ಖನನದ ದಾಖಲೆಯಿರುವ ಪಾತ್ರೆಗಳ ಆ ಜಾಗವನ್ನೇ ಮೊದಲು ಅಳೆಯಲಿ. ಮ್ಯೂಸಿಯಮ್ಮುಗಳು ಅದಕ್ಕೆ ಕಪಾಟು ತೆರೆಯಲಿ.