ಸ್ಪೀಕರ್ ಬಿಸಾಡುವ ಮೊದಲು

ರಿಯಾದಿನ ಹರಾಜ್ ಬಿನ್ ಕಾಸಿಂ ಮಾರುಕಟ್ಟೆಗೆ ಹೋದವರು ಹಳೆ ಸಾಮಾನಿನ ರಾಶಿಯಲ್ಲಿ ಸ್ಪೀಕರ್‌ಗಳನ್ನೂ ನೋಡಿರುತ್ತಾರೆ. ನಮ್ಮ ಕನ್ನಡದ ‘ಹರಾಜು’ ಅರಬಿಯ ಇದೇ ಪದದಿಂದ ಬಂದದ್ದು. ನಮ್ಮ ರೂಮುಗಳಲ್ಲೂ ಅದೇ ಕಥೆ. ಸ್ಪೀಕರ್ ಕರಕರ ಅಂದರೆ ಸಾಕು, ಕಸದ ಡಬ್ಬಿಯ ಪಕ್ಕ ಇಟ್ಟು ಬರುತ್ತೇವೆ. ಊರಿನಲ್ಲಿ ಮದ್ರಸದ ಮೈಕ್ ಸೆಟ್ ಕೆಟ್ಟರೆ ವಾಟ್ಸ್ಆ್ಯಪ್ ಗ್ರೂಪಿಗೆ ಮೆಸೇಜ್ ಬರುತ್ತದೆ, “ಗಲ್ಫಿನವರು ಸ್ವಲ್ಪ ಸೇರಿಸಿ ಹೊಸದು ತೆಗೆದುಕೊಡಿ” ಅಂತ. ನಾವೂ ತಲೆಗೆ ಇಷ್ಟು ಅಂತ ಹಾಕಿ ಕಳಿಸಿಬಿಡುತ್ತೇವೆ. ಕೆಟ್ಟದ್ದು ಏನು ಅಂತ ಒಬ್ಬರೂ ಕೇಳುವುದಿಲ್ಲ.

ಆ ಪ್ರಶ್ನೆ ಕೇಳಬೇಕು, ಯಾಕೆಂದರೆ ಹೋಗುವುದು ಬಿಸಿಲಲ್ಲಿ ದುಡಿದವನ ರಿಯಾಲು.

ಸ್ಪೀಕರ್ ಅಂದರೆ ದೊಡ್ಡ ರಹಸ್ಯ ಏನಲ್ಲ. ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪೆನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇಂಜಿನಿಯರರು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ. ಹಿಂದೆ ಆಯಸ್ಕಾಂತ, ಅದರ ಸಣ್ಣ ಸಂದಿನಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲ್, ಕಾಯಿಲಿಗೆ ಅಂಟಿಸಿದ ಕಾಗದದ ಕೋನ್. ಕೋನಿನ ಹೊರ ಅಂಚಿಗೆ ಫೋಮ್, ರಬ್ಬರ್ ಅಥವಾ ಬಟ್ಟೆಯ ಸುತ್ತು. ಒಳಗೆ ಕಾಯಿಲನ್ನು ನಡುವಿನಲ್ಲೇ ಹಿಡಿದಿಡುವ ನಿರಿಗೆ ಬಟ್ಟೆ, ಅದಕ್ಕೆ ಸ್ಪೈಡರ್ ಅನ್ನುತ್ತಾರೆ. ಇಷ್ಟೇ.

ಲೆಕ್ಕ ಬರೆಯುವವನ ಭಾಷೆಯಲ್ಲಿ ಹೇಳುವುದಾದರೆ, ಆಯಸ್ಕಾಂತ ಮತ್ತು ಕಬ್ಬಿಣದ ಫ್ರೇಮು ಆಸ್ತಿ. ಅವು ಹತ್ತಾರು ವರ್ಷ ಬಾಳುತ್ತವೆ. ಫೋಮ್, ಕಾಗದ, ಕಾಯಿಲು ಇವೆಲ್ಲ ಸವೆಯುವ ಸಾಮಾನು. ಫೋಮ್ ಅಂತೂ ಬಳಸದೆ ಇಟ್ಟರೂ ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗುತ್ತದೆ. ಇಲ್ಲಿನ ಸೆಖೆ, ಕರಾವಳಿಯ ಉಪ್ಪು ಗಾಳಿ ಅದನ್ನು ಇನ್ನೂ ಬೇಗ ತಿನ್ನುತ್ತದೆ. ಸವೆಯುವ ಸಾಮಾನು ಹಾಳಾಯಿತು ಅಂತ ಆಸ್ತಿಯನ್ನೇ ಎಸೆಯುವುದು ಯಾವ ಲೆಕ್ಕ?

ಮೊದಲು ಪರೀಕ್ಷೆ. ಆಂಪ್ಲಿಫೈಯರ್ ಆಫ್ ಮಾಡಿ, ಸ್ಪೀಕರಿನ ವಯರ್ ಬಿಚ್ಚಿ, ಮಲ್ಟಿಮೀಟರ್ ಓಮ್‌ನಲ್ಲಿ ಇಟ್ಟು ನೋಡಿ. 8 ಓಮ್ ಸ್ಪೀಕರ್ ಸುಮಾರು 6, 4 ಓಮಿನದು ಸುಮಾರು 3 ರಿಂದ 3.5 ತೋರಿಸಿದರೆ ಕಾಯಿಲು ಹೆಚ್ಚಾಗಿ ಸರಿ ಇದೆ. ಏನೂ ತೋರಿಸದಿದ್ದರೆ ಕಾಯಿಲು ತುಂಡಾಗಿರಬಹುದು, ಅಥವಾ ಕೋನಿಗೆ ಬರುವ ಹೆಣೆದ ತಂತಿ ಮಾತ್ರ ಕಿತ್ತಿರಬಹುದು. ತಂತಿಯಾದರೆ ಒಂದು ಬೆಸುಗೆಯಲ್ಲಿ ಮುಗಿಯಿತು. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮವಾಗಿ ಇಟ್ಟು ಮೆಲ್ಲ ಒತ್ತಿ. ಒಳಗೆ ಉಜ್ಜುವ ಸದ್ದು ಬಂದರೆ ಕಾಯಿಲು ಸುಟ್ಟು ಉಬ್ಬಿದೆ, ಸಂದಿನಲ್ಲಿ ಕಸ ಸೇರಿದೆ, ಇಲ್ಲವೇ ಬಿದ್ದ ಪೆಟ್ಟಿಗೆ ಆಯಸ್ಕಾಂತ ಜರುಗಿದೆ. ಆಯಸ್ಕಾಂತ ಜರುಗಿದ್ದನ್ನು ಮನೆಯಲ್ಲಿ ಸರಿ ಮಾಡಲು ಹೋಗಬೇಡಿ.

ಅಂಚು ಮಾತ್ರ ಹೋಗಿದ್ದರೆ ಅಳತೆಯ ಹೊಸ ಫೋಮ್ ತಂದು ಅಂಟಿಸಿದರೆ ಸಾಕು. ಕಾಯಿಲೇ ಸುಟ್ಟಿದ್ದರೆ ಪೂರ್ತಿ ಕೋನ್ ಬದಲಿಸಬೇಕು. ಹಳೆಯದನ್ನು ಕತ್ತರಿಸಿ ತೆಗೆಯುವ ಮೊದಲು ಕಾಯಿಲಿನ ವ್ಯಾಸ, ತಂತಿ ಸುತ್ತಿದ ಎತ್ತರ, ಕೋನಿನ ಆಳ, ಯಾವುದು ಪ್ಲಸ್ ಯಾವುದು ಮೈನಸ್ ಎಲ್ಲ ಬರೆದಿಟ್ಟುಕೊಳ್ಳಿ. ಕಿಟ್ ಇದಕ್ಕೆ ಹೊಂದಬೇಕು. ಹಳೆ ಗೋಂದನ್ನು ಕೆರೆದು ಅಸಿಟೋನಿನಿಂದ ಒರೆಸಿ. ಸಂದಿನೊಳಗಿನ ಕಬ್ಬಿಣದ ಪುಡಿಯನ್ನು ಅಂಟು ಹೊರಗೆ ಬರುವ ಹಾಗೆ ಮಡಚಿದ ಟೇಪಿನಿಂದ ಎಳೆದು ತೆಗೆಯಿರಿ. ಒಂದು ಚೂರು ಉಳಿದರೂ ಕರಕರ ತಪ್ಪುವುದಿಲ್ಲ.

ಇನ್ನು ಇಡೀ ಕೆಲಸದ ಜೀವಾಳ. ಕಾಯಿಲು ಸಂದಿನ ಸರಿ ನಡುವಿನಲ್ಲಿ ಕೂರಬೇಕು. ಅದಕ್ಕೆ ನಡುವಿನ ಕಬ್ಬಿಣದ ಕಂಬ ಮತ್ತು ಕಾಯಿಲಿನ ಮಧ್ಯೆ ತೆಳು ಪ್ಲಾಸ್ಟಿಕ್ ಪಟ್ಟಿಗಳನ್ನು ಸುತ್ತಲೂ ಸಮವಾಗಿ ತುರುಕುತ್ತಾರೆ. ಹಳೆ ಎಕ್ಸ್‌ರೇ ಫಿಲ್ಮಿನ ಪಟ್ಟಿಯೂ ನಡೆಯುತ್ತದೆ. ಆಮೇಲೆ ಸ್ಪೈಡರ್, ಕೋನ್, ಅಂಚು ಅಂಟಿಸಿ. ಅಂಟು ಹಿಡಿದ ಮೇಲೆ ಪಟ್ಟಿ ತೆಗೆದು, ಕೈಯಲ್ಲಿ ಒತ್ತಿ ನೋಡಿ, ತಂತಿ ಬೆಸೆದು, ನಡುವಿನ ಟೋಪಿ ಅಂಟಿಸಿ. 24 ಗಂಟೆ ಮುಟ್ಟಬೇಡಿ. ಅವಸರ ಮಾಡಿದರೆ ಹಾಕಿದ ಕಿಟ್ಟೂ ದಂಡ. ಕೊನೆಗೆ 1.5 ವೋಲ್ಟ್ ಬ್ಯಾಟರಿಯನ್ನು ಕ್ಷಣ ಮಾತ್ರ ತಾಗಿಸಿ, ಪ್ಲಸ್ಸಿಗೆ ಪ್ಲಸ್. ಹೆಚ್ಚಿನ ಸ್ಪೀಕರುಗಳಲ್ಲಿ ಕೋನ್ ಹೊರಕ್ಕೆ ಹಾರುತ್ತದೆ.

ಪಳ್ಳಿಯ ಮೇಲಿನ ಹಾರ್ನ್ ಇದಕ್ಕಿಂತ ಸುಲಭ. ಹಾರ್ನಿನ ಹಿಂದಿನ ಯೂನಿಟ್ಟಿನ ಮುಚ್ಚಳ ಬಿಚ್ಚಿದರೆ ಒಳಗೆ ಕಾಯಿಲಿನೊಂದಿಗೆ ಡಯಾಫ್ರಮ್ ಇರುತ್ತದೆ. ಹೆಚ್ಚಿನವುಗಳಲ್ಲಿ ಅಷ್ಟನ್ನೇ ತೆಗೆದು ಹೊಸದು ಕೂರಿಸಬಹುದು, ಗೋಂದಿನ ಗೊಡವೆಯೇ ಇಲ್ಲ. ಆದರೆ ದೂರದ ಹಾರ್ನುಗಳಿಗೆ ಹೋಗುವ ಲೈನಿನಲ್ಲಿ 100 ವೋಲ್ಟಿನವರೆಗೆ ಇರಬಹುದು. ಆಂಪ್ಲಿಫೈಯರಿನ ಪ್ಲಗ್ ಕಿತ್ತ ಮೇಲೆಯೇ ಏಣಿ ಹತ್ತಬೇಕು.

ಕಾಯಿಲು ಯಾಕೆ ಸುಟ್ಟಿತು ಎಂದೂ ನೋಡಬೇಕು. ಸಣ್ಣ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿ ಸದ್ದು ಒಡೆಯುವ ತನಕ ಕೊಟ್ಟರೆ ದೊಡ್ಡ ಸ್ಪೀಕರೂ ಸುಡುತ್ತದೆ. ಕಾರಣ ಹಾಗೇ ಬಿಟ್ಟರೆ ಹೊಸ ಕಾಯಿಲೂ ಅದೇ ದಾರಿ ಹಿಡಿಯುತ್ತದೆ.

ಎಲ್ಲ ಸ್ಪೀಕರೂ ರಿಪೇರಿಗೆ ಯೋಗ್ಯ ಅಲ್ಲ. ಹೊಸದರ ಅರ್ಧ ಬೆಲೆಗಿಂತ ಕಿಟ್ ಖರ್ಚು ಜಾಸ್ತಿ ಬಂದರೆ ಬಿಟ್ಟುಬಿಡಿ. ಅಸಿಟೋನ್ ಬೇಗ ಬೆಂಕಿ ಹಿಡಿಯುವ ವಸ್ತು. ಎಂಟು ಜನ ಮಲಗುವ, ಮೂಲೆಯಲ್ಲಿ ಗ್ಯಾಸ್ ಒಲೆ ಇರುವ ರೂಮಿನಲ್ಲಿ ಬಾಗಿಲು ಮುಚ್ಚಿ ಎ.ಸಿ. ಹಾಕಿ ಈ ಕೆಲಸ ಖಂಡಿತ ಮಾಡಬೇಡಿ. ತೆರೆದ ಜಾಗ ಬೇಕು, ಹತ್ತಿರ ಸಿಗರೇಟೂ ಇರಬಾರದು.

ಇನ್ನೊಂದು ಎಚ್ಚರ. ಕಲಿಯಿರಿ, ಸ್ವಂತದ್ದು ರಿಪೇರಿ ಮಾಡಿ, ಆದರೆ ಇಲ್ಲಿ ಹಣ ತೆಗೆದುಕೊಂಡು ಸೈಡ್ ಕೆಲಸ ಮಾಡಬೇಡಿ. ಸೌದಿ ಕಾರ್ಮಿಕ ಕಾನೂನಿನ 39ನೇ ವಿಧಿ ಕಫೀಲನನ್ನು ಬಿಟ್ಟು ಬೇರೆಯವರಿಗೆ ಅಥವಾ ಸ್ವಂತಕ್ಕೆ ದುಡಿಯುವುದನ್ನು ತಡೆಯುತ್ತದೆ. ಐವತ್ತು ರಿಯಾಲಿನ ಆಸೆಗೆ ಇಕಾಮ ಕಳೆದುಕೊಳ್ಳುವುದು ಬೇಡ.

ಹಾಗಾದರೆ ಕಲಿತು ಏನು ಪ್ರಯೋಜನ? 2016ನ್ನು ನೆನಪಿಸಿಕೊಳ್ಳಿ. ಆ ವರ್ಷ ಮೊಬೈಲ್ ಮಾರಾಟ ಮತ್ತು ರಿಪೇರಿಯ ಕೆಲಸ ಪೂರ್ತಿ ಸೌದಿ ಪ್ರಜೆಗಳಿಗೆ ಮೀಸಲಾಯಿತು. ಆ ಅಂಗಡಿಗಳಲ್ಲಿದ್ದ ವಿದೇಶಿಗರು ಕೌಂಟರಿನಿಂದ ಇಳಿಯಬೇಕಾಯಿತು. ಬರೀ ಮಾರಲು ಗೊತ್ತಿದ್ದವನಿಗೂ ಬಿಚ್ಚಿ ಜೋಡಿಸಲು ಗೊತ್ತಿದ್ದವನಿಗೂ ಅವತ್ತು ಇದ್ದ ವ್ಯತ್ಯಾಸ ಒಂದೇ. ಎರಡನೆಯವನ ಕೈಯಲ್ಲಿ ಊರಿಗೂ ಬರುವ ಕಸುಬಿತ್ತು. ಎಕ್ಸಿಟ್ ಹೊಡೆದು ಹೋಗುವವನಿಗೆ ಅಂಗಡಿ ಹಾಕಲು ಲಕ್ಷಗಟ್ಟಲೆ ಬಂಡವಾಳ ಬೇಕು. ಈ ಕಸುಬಿಗೆ ಒಂದು ಮೇಜು, ಮೀಟರು, ಬೆಸುಗೆ ಕಡ್ಡಿ, ತಾಳ್ಮೆ ಸಾಕು. ನಮ್ಮ ಊರುಗಳಲ್ಲಿ ಮದುವೆ, ಉರೂಸ್, ಮೀಲಾದ್, ಯಕ್ಷಗಾನ, ಕೋಲ ಎಲ್ಲಕ್ಕೂ ಮೈಕ್ ಬೇಕು. ಸೌಂಡ್ಸ್‌ನವರ ಸ್ಪೀಕರುಗಳು ಸೀಸನ್ ಮುಗಿಯುವಾಗ ಒಂದಲ್ಲ ಒಂದು ಕೆಟ್ಟಿರುತ್ತವೆ. ಎಲ್ಲರಿಗೂ ಇದರಲ್ಲೇ ಸಂಸಾರ ಸಾಗುತ್ತದೆ ಅಂತ ಹೇಳುತ್ತಿಲ್ಲ. ಇಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿದ್ದವನಿಗೆ ಇದು ಇನ್ನೊಂದು ಆದಾಯ.

ಸಂಘದ ಘಟಕಗಳಿಗೆ ನಮ್ಮ ಸಲಹೆ ಇಷ್ಟೇ. ಪ್ರತಿ ಘಟಕ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಲಿ. ತಿಂಗಳಿಗೆ ಒಂದು ಶುಕ್ರವಾರ ಜುಮಾ ಮುಗಿದ ಮೇಲೆ, ಬಿಸಾಡಲು ಇಟ್ಟ ಒಂದು ಸ್ಪೀಕರನ್ನು ಗೊತ್ತಿದ್ದವರು ಬಿಚ್ಚಿ ತೋರಿಸಲಿ, ಹುಡುಗರು ಕೈ ಹಾಕಿ ಕಲಿಯಲಿ. ಊರಿನ ಕಮಿಟಿಯಿಂದ ಹೊಸ ಮೈಕ್ ಸೆಟ್ಟಿಗೆ ಕೇಳಿಕೆ ಬಂದಾಗ ಹಣ ಸೇರಿಸುವ ಮೊದಲು ಒಂದು ಉತ್ತರ ಕಳಿಸಿ: “ಮೀಟರ್ ಇಟ್ಟು ನೋಡಿದ್ದೀರಾ? ಎಷ್ಟು ಓಮ್ ತೋರಿಸುತ್ತದೆ?”