ಹೊಗೆಗೂಡಿನ ಹುಡುಗರು ಮತ್ತು ನಮ್ಮ ಡ್ಯಾಫೊಡಿಲ್‌ಗಳು

ರೊಮ್ಯಾಂಟಿಕ್ ಕಾವ್ಯ ಅಂದ್ರೆ ನಮಗೆಲ್ಲ ನೆನಪಾಗೋದು ಡ್ಯಾಫೊಡಿಲ್ ಹೂವು, ಸರೋವರ, ಬೆಟ್ಟ. ಹೋಮ್‌ಸ್ಟೇ ಫೋಟೋ ಕೆಳಗೆ ಹಾಕೋಕೆ ಹೇಳಿ ಮಾಡಿಸಿದ ಸರಕು. ಆ ಕಾಲದ ಇಂಗ್ಲಿಷ್ ಕಾವ್ಯವನ್ನು ಹೀಗೆ ಹೂಕುಂಡ ಮಾಡಿಟ್ಟಿರೋದು ಶುದ್ಧ ಅನ್ಯಾಯ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ನಿಂತು ಲಂಡನ್ ಎಷ್ಟು ಚೆಂದ ಅಂತ ವರ್ಡ್ಸ್‌ವರ್ತ್ ಬರೆದ ಸಾನೆಟ್ ಇದೆ, 1802ರದ್ದು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅದು ಬೆಳಗಿನ ಜಾವ. ಊರು ಮಲಗಿದೆ, ಹೊಗೆಯಿಲ್ಲ. ಯಾರೂ ಇನ್ನೂ ಒಲೆ ಹಚ್ಚಿಲ್ಲವಲ್ಲ! ಜನರೇ ಇಲ್ಲದ ಹೊತ್ತಲ್ಲಿ ಔಟರ್ ರಿಂಗ್ ರೋಡೂ ಚೆಂದವೇ. ಅವನದೇ 'ಮೈಕೇಲ್' ಕವನದಲ್ಲಿ ಕುರುಬನ ಮಗ ಪಟ್ಟಣಕ್ಕೆ ಹೋಗಿ ಕೆಡ್ತಾನೆ. ಹಳ್ಳಿ ಒಳ್ಳೇದು, ಪಟ್ಟಣ ಕೆಟ್ಟದ್ದು. ಹಳ್ಳೀಲೇ ಬೆಳೆದ ನನಗೆ ಈ ಲೆಕ್ಕ ಯಾವತ್ತೂ ತಾಳೆಯಾಗಿಲ್ಲ. ಆ ಹುಡುಗನನ್ನು ಪಟ್ಟಣಕ್ಕೆ ಕಳಿಸಿದ್ದೇ ಜಮೀನಿನ ಮೇಲೆ ಬಂದ ಸಾಲದ ಹೊರೆ, ಅದೂ ಅದೇ ಕವನದಲ್ಲಿದೆ. (ಪ್ರಿಲ್ಯೂಡ್‌ನಲ್ಲಿ ಇದೇ ವರ್ಡ್ಸ್‌ವರ್ತ್ ಲಂಡನ್ನಿನ ಕುರುಡು ಭಿಕ್ಷುಕನ ಮುಂದೆ ತಬ್ಬಿಬ್ಬಾಗಿ ನಿಲ್ತಾನೆ, ಅದು ಬೇರೆ ಮಾತು.)

ವಿಲಿಯಂ ಬ್ಲೇಕ್ ಹಾಗಲ್ಲ. 1757ರಲ್ಲಿ ಲಂಡನ್ನಿನ ಸೋಹೋದಲ್ಲಿ ಹುಟ್ಟಿದ, ಕಾಲುಚೀಲ ಮಾರುವವನ ಮಗ. ತಾಮ್ರದ ತಗಡು ಕೆತ್ತುವುದು ಹೊಟ್ಟೆಪಾಡು. ಮೂರು ವರ್ಷ ಬಿಟ್ಟರೆ ಇಡೀ ಬದುಕು ಆ ಊರಲ್ಲೇ ಕಳೆದವನು. ಅವನು ಯಾರಿಗೂ ಹಳ್ಳಿಗೆ ಹೋಗಿ ಅನ್ನಲ್ಲ. 1794ರ 'ಲಂಡನ್' ಕವನದಲ್ಲಿ ಬೀದಿಗಿಳಿದು ನಡೀತಾನೆ, ಪ್ರತಿ ನರಳಾಟದ ಜಾಡು ಹಿಡೀತಾನೆ. ಚಿಮಣಿ ಹುಡುಗನ ಕೂಗು ಚರ್ಚಿಗೆ ಹೋಗಿ ಮುಟ್ಟುತ್ತೆ, ಸೈನಿಕನ ನಿಟ್ಟುಸಿರು ಅರಮನೆಗೆ. ನಮ್ಮ ಭಾಷೇಲಿ ರೂಟ್ ಕಾಸ್ ಅನಾಲಿಸಿಸ್. ವಿಧಿಯ ಹೆಸರಿಗೆ ಟಿಕೆಟ್ ಹಾಕಿ ಕ್ಲೋಸ್ ಮಾಡೋದಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಸುಧಾರಣೆ ಕೇಳಿದವರ ಮೇಲೆ ರಾಜದ್ರೋಹದ ಮೊಕದ್ದಮೆ ನಡೀತಿತ್ತು ಅನ್ನೋದು ನೆನಪಿರಲಿ.

ಆ ಚಿಮಣಿ ಹುಡುಗರು ಯಾರು? ಇಕ್ಕಟ್ಟಾದ ಹೊಗೆಗೂಡಿನೊಳಗೆ ಹತ್ತಿ ಮಸಿ ಕೆರೆಯೋ ಮಕ್ಕಳು. ಈ ಕಸುಬಿನವರಿಗೆ ಮಸಿಯಿಂದಲೇ ವೃಷಣಚೀಲದ ಕ್ಯಾನ್ಸರ್ ಬರುತ್ತೆ ಅಂತ ಪರ್ಸಿವಲ್ ಪಾಟ್ ಎಂಬ ವೈದ್ಯ 1775ರಲ್ಲೇ ಬರೆದಿದ್ದ. 1788ರ ಕಾನೂನು ಎಂಟು ವರ್ಷದೊಳಗಿನವರು ಬೇಡ ಅಂತು. ಅಂದರೆ ಎಂಟಾದರೆ ಸರಿ! ಅದನ್ನೂ ಜಾರಿ ಮಾಡೋರು ಇರಲಿಲ್ಲ.

ಅವರ ಮೇಲೆ ಬ್ಲೇಕ್ ಎರಡು ಕವನ ಬರೆದ. 1789ರದ್ದರ ಕೊನೆಗೆ ಹುಡುಗನ ಬಾಯಲ್ಲೇ, ಎಲ್ಲರೂ ಅವರವರ ಕರ್ತವ್ಯ ಮಾಡಿದರೆ ಏನೂ ಕೆಡಕಾಗಲ್ಲ ಅನ್ನೋ ಪಾಠ ಬರುತ್ತೆ. ಅಪ್ರೈಸಲ್ ತಿಂಗಳಲ್ಲಿ ಬರುವ ಹೆಚ್‌ಆರ್ ಮೇಲ್ ಓದಿದ ಹಾಗಿರುತ್ತೆ. ಅದನ್ನು ನಿಜವಾದ ನೀತಿಪಾಠ ಅಂತ ಓದೋರಿದ್ದಾರೆ, ಅವರಿಗೆ ನಮಸ್ಕಾರ. 1794ರದ್ದರಲ್ಲಿ ಅಪ್ಪ ಅಮ್ಮ ಪ್ರಾರ್ಥನೆಗೆ ಹೋಗಿದ್ದಾರೆ, ಮಗು ಹಿಮದಲ್ಲಿ ಕಪ್ಪಗೆ ನಿಂತಿದೆ. ನಾನು ಕುಣಿದು ಹಾಡ್ತೀನಲ್ಲ, ಅದಕ್ಕೇ ನನಗೇನೂ ಅನ್ಯಾಯ ಮಾಡಿಲ್ಲ ಅಂದ್ಕೊಂಡಿದ್ದಾರೆ ಅನ್ನುತ್ತೆ. ಮಳೇಲಿ ನೆನೆದು ಊಟ ತಂದ ಹುಡುಗ ನಕ್ಕ, ಐದು ಸ್ಟಾರ್ ಕೊಟ್ವಿ, ಅಲ್ಲಿಗೆ ಮುಗೀತಲ್ಲ ನಮ್ಮ ಲೆಕ್ಕ?

ಕವನದಿಂದ ಏನಾಯ್ತು ಅಂತ ಕೇಳ್ತೀರಿ. 1824ರಲ್ಲಿ ಜೇಮ್ಸ್ ಮಾಂಟ್‌ಗೊಮರಿ ಈ ಮಕ್ಕಳ ಪರವಾಗಿ ಹೊರತಂದ ಸಂಕಲನದಲ್ಲಿ ಬ್ಲೇಕನ ಮೊದಲ ಕವನ ಸೇರಿತ್ತು. ಈ ಪದ್ಧತಿ ನಿಜಕ್ಕೂ ನಿಂತದ್ದು 1875ರ ಕಾನೂನಿಂದ. ಅದೂ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಕೇಂಬ್ರಿಡ್ಜ್ ಹತ್ತಿರ ಒಂದು ಆಸ್ಪತ್ರೆಯ ಹೊಗೆಗೂಡಲ್ಲಿ ಸಿಕ್ಕಿಕೊಂಡು ಸತ್ತ ಮೇಲೆ. ಎಂಬತ್ತೇಳು ವರ್ಷ ತಡ ಮಾಡಿದ್ದು ಪಾರ್ಲಿಮೆಂಟು, ಲೆಕ್ಕ ಮಾತ್ರ ಕವಿ ಕೊಡಬೇಕು!

ಅಂದಹಾಗೆ, ಸೇತುವೆ ಕವನವೇ ಬೇಕು ಅನ್ನೋರಿಗೆ ಕನ್ನಡದಲ್ಲೇ ಇನ್ನೊಂದಿದೆ. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' ಪುಸ್ತಕದ 'ದುಃಖಸೇತು', ಮೂಲ ಥಾಮಸ್ ಹುಡ್. ಅಲ್ಲಿ ಲಂಡನ್ ಮಲಗಿಲ್ಲ. ಕಿಟಕಿಗಳಲ್ಲಿ ದೀಪ ಉರೀತಿವೆ, ಹೊಳೆಗೆ ಹಾರಿದ ಹೆಣ್ಣಿಗೆ ಮಾತ್ರ ಆ ಊರಲ್ಲಿ ಮನೆಯಿಲ್ಲ.